ಗೋಣಿಚೀಲದ ಎಡ ಬಲ

ಚನ್ನಪಟ್ಟಣದ ಮುಕ್ತಿಯಾರ್ ಒಂದು ಕಡೆ ಕೂತ ಮನುಷ್ಯನೇ ಅಲ್ಲ. ಚಿಕ್ಕಂದಿನಲ್ಲಿ ಅಪ್ಪ ಬೊಂಬೆ ಕಡೆಯುವ ಕೆಲಸಕ್ಕೆ ಹಾಕಿದ. ದಿನವಿಡೀ ಕೂತು ಮಾಡುವ ಕೆಲಸ, ಆಗಲಿಲ್ಲ ಬಿಡಿ. ಮೋಟಾರು ರಿಪೇರಿ ಕಲಿತು, ಮನೆ ಮುಂದಿನ ಹೊಂಗೆಮರದ ಕೆಳಗೆ ಶೆಡ್ಡು ಹಾಕಿದ. ಅವನದೊಂದು ಪದ್ಧತಿ ಇತ್ತು. ಬ್ರೇಕ್ ಕೆಲಸ ಮಾಡಿದ ಗಾಡಿ ಯಾರದ್ದೇ ಆಗಲಿ, ಹೆಂಡತಿ ಹಾಜಿರಾಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೆದ್ದಾರಿಯಲ್ಲಿ ಕೆಂಗಲ್‌ವರೆಗೆ ಹೋಗಿಬಂದ ಮೇಲೇ ಕೀ ಕೊಡುತ್ತಿದ್ದ. "ಗಾಡಿ ನಮ್ದು, ಸವಾರಿ ಬೀಬಿದು" ಅಂತ ಜನ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ, ನಾಲಿಗೆಗೇನು ಮೂಳೆಯೇ?

ತೊಂಬತ್ತೇಳನೇ ಇಸವಿಯ ಬೇಸಿಗೆ. ಬೈರಾಪಟ್ಟಣದ ಲಕ್ಷ್ಮಯ್ಯನ ಹಳೇ ಕಾರಿಗೆ ಮುಂದಿನ ಎರಡು ಚಕ್ರಕ್ಕೂ ಹೊಸ ಬ್ರೇಕ್ ಹಾಕಿ ಮುಗಿಸಿದ. ಪೆಡಲ್ ಒತ್ತಿದರೆ ಕೆಸರಿಗೆ ಕಾಲಿಟ್ಟ ಹಾಗೆ ಮೆತ್ತಗೆ ಒಳಕ್ಕಿಳಿಯಿತು. ಬ್ರೇಕಿನ ಆಯಿಲ್ ಪೈಪಿಗೆ ಗಾಳಿ ಸೇರಿದೆ ಅಂತ ಹಾಜಿರಾಳನ್ನು ಕೂಗಿದ. ಅವಳು ಪೆಡಲ್ ಒತ್ತಿ ಹಿಡಿಯಬೇಕು, ಇವನು ಚಕ್ರದ ಬಳಿ ನಿಪ್ಪಲ್ ಸಡಿಲಿಸಿ ಆಯಿಲ್ ಜೊತೆ ಗಾಳಿ ಹೊರಗೆ ಬಿಡಬೇಕು. ನಾಲ್ಕು ಸಲ ಮಾಡಿದರು. ಗುಳ್ಳೆ ಬರುವುದು ನಿಂತಿತು, ಪೆಡಲ್ ಮಾತ್ರ ಅದೇ ಮೆತ್ತಗೆ. ಆಯಿಲ್ ಎಲ್ಲೂ ಸೋರುತ್ತಿಲ್ಲ. ಮುಕ್ತಿಯಾರ್‌ಗೆ ತಲೆ ಕೆಟ್ಟುಹೋಯಿತು. ಕಾರಿಗೆ ಸುತ್ತು ಹಾಕಿದ, ಬೀಡಿ ಹಚ್ಚಿ ಎಸೆದ, ಮತ್ತೊಂದು ಹಚ್ಚಿದ. ಕೊನೆಗೆ "ನಿನ್ ಕಾಲಲ್ಲಿ ಜೀವಾನೇ ಇಲ್ಲ" ಅಂತ ಹೆಂಡತಿ ಮೇಲೆ ಹರಿಹಾಯ್ದ. ಅವಳು ಮುಖ ಊದಿಸಿಕೊಂಡು ಒಳಗೆ ಹೋದಳು.

ಇತ್ತ ಲಕ್ಷ್ಮಯ್ಯನದು ನಿಂತ ಕಾಲು. ಹೆರಿಗೆಯಾದ ಮಗಳು ರಾಮನಗರದ ಆಸ್ಪತ್ರೆಯಲ್ಲಿದ್ದಳು. ಹೊತ್ತು ಮುಳುಗುವ ಮುಂಚೆ ಐದು ದಿನದ ಕೂಸು ಮನೆ ಸೇರಬೇಕು.

"ಸಾಬ್ರೇ, ಮೂರು ಸಲ ಒತ್ತುದ್ರೆ ಹಿಡೀತೈತಲ್ಲ, ಕೊಟ್ಬುಡಿ. ನಿಧಾನಕ್ಕೆ ಹೋಯ್ತೀನಿ. ಕತ್ಲಲ್ಲಿ ಹಸುಗೂಸು ತರಕ್ಕಾಯ್ತದಾ?"

ಮುಕ್ತಿಯಾರ್‌ಗೂ ಸಾಕುಸಾಕಾಗಿತ್ತು. "ಓಡ್ತಾ ಓಡ್ತಾ ಸರಿಹೋಯ್ತದೆ ಅಣ್ಣ, ಒಸಿ ಹುಷಾರು" ಅಂತ ಕೀ ಕೊಟ್ಟೇಬಿಟ್ಟ. ಕೆಂಗಲ್ ಸುತ್ತಿನ ಮಾತೇ ಎತ್ತಲಿಲ್ಲ.

ಲಕ್ಷ್ಮಯ್ಯ ಹತ್ತಿ ಕೂತು ಕೀ ಹಾಕುವಷ್ಟರಲ್ಲಿ ಹಾಜಿರಾ ಹೊರಗೆ ಬಂದಳು. ಸೆರಗು ತಲೆಮೇಲೆ ಎಳೆದುಕೊಂಡು, ಮುಂದಿನ ಬಾಗಿಲು ತೆಗೆದು ಪಕ್ಕದಲ್ಲಿ ಕೂತಳು.

"ನಡೀರಿ ಅಣ್ಣ, ಕೆಂಗಲ್ ಗಂಟ ನಾನೂ ಬತ್ತೀನಿ. ನಮ್ಮ ಪದ್ಧತಿ."

ಮುಕ್ತಿಯಾರ್ ಕಾರಿನ ಬಳಿಗೆ ಓಡಿದ. ಹೆದ್ದಾರಿಯ ಲಾರಿಗಳೆಲ್ಲ ಕಣ್ಣಮುಂದೆ ಬಂದವು. "ಇಳಿಯೇ ಕೆಳಕ್ಕೆ!" ಅಂತ ಕಿರುಚಿದ.

ಅವಳು ಕದಲಲಿಲ್ಲ. "ಯಾಕೆ? ಓಡ್ತಾ ಓಡ್ತಾ ಸರಿಹೋಯ್ತದಲ್ಲ."

ಥೂ, ನಾನೆಂಥಾ ಮನುಷ್ಯ ಅಂತ ಅವನಿಗೇ ಹೇಸಿಗೆಯಾಯಿತು. ಕಿಟಕಿಯೊಳಗೆ ಕೈಹಾಕಿ ಕೀ ಕಿತ್ತುಕೊಂಡ.

ಮತ್ತೆ ಜಾಕಿ ಹಾಕಿ ಚಕ್ರ ಬಿಚ್ಚಿದ, ಈ ಸಲ ಕಣ್ಣುಬಿಟ್ಟು ನೋಡಿದ. ನಿಪ್ಪಲ್ ನೆಲ ನೋಡುತ್ತಿತ್ತು! ಗಾಳಿ ಮೇಲಕ್ಕೇರುವಂಥದ್ದು, ಬಿಡುವ ಬಾಯಿ ಕೆಳಗಿದ್ದರೆ ಅದು ಹೊರಗೆ ಬರುವುದಾದರೂ ಹೇಗೆ? ಎಡದ ಬ್ರೇಕ್ ಬಲಕ್ಕೆ, ಬಲದ್ದು ಎಡಕ್ಕೆ ಕೂತಿತ್ತು. ಗುರುತು ಹಾಕಿಕೋ ಅಂದರೆ "ಗೋಣಿಚೀಲವೇ ನನ್ನ ಗುರುತು" ಅನ್ನುವ ಆಸಾಮಿ ಇವನು. ಎಡದ ಸಾಮಾನು ನೆಲಕ್ಕೆ ಹಾಸಿದ ಚೀಲದ ಎಡಕ್ಕೆ, ಬಲದ್ದು ಬಲಕ್ಕೆ. ಮಧ್ಯಾಹ್ನ ಬಿಸಿಲು ಬಂತೆಂದು ಚೀಲವನ್ನು ತಾನೇ ನೆರಳಿಗೆ ಎಳೆದಿದ್ದ. ಎಳೆಯುವಾಗ ಅದು ಹಿಂದುಮುಂದಾಗಿತ್ತು. ಬೈಸಿಕೊಂಡದ್ದು ಮಾತ್ರ ಹೆಂಡತಿಯ ಕಾಲು.

ಅದಲುಬದಲು ಮಾಡಿ ಹಾಕಿದ. ಹಾಜಿರಾ ಒತ್ತಿದಳು, ಗಾಳಿ ಬುಸ್ಸೆಂದು ಹೋಯಿತು, ಪೆಡಲ್ ಕಲ್ಲಾಯಿತು. ಗಂಡ ಹೆಂಡತಿ ಕೆಂಗಲ್‌ಗೆ ಹೋಗಿಬರುವವರೆಗೂ ಲಕ್ಷ್ಮಯ್ಯ ಸೂರ್ಯನನ್ನೇ ನೋಡುತ್ತ ಮರದಡಿ ಶತಪಥ ಹಾಕಿದ.

ಕೀ ಕೊಡುವಾಗ ಮುಕ್ತಿಯಾರ್ ತಲೆ ಎತ್ತಲಿಲ್ಲ. "ಅಣ್ಣ, ಇವಳು ಹತ್ತಿ ಕೂರದೆ ಇದ್ದಿದ್ರೆ ನಾನು ಕಳಿಸೇಬುಡ್ತಿದ್ದೆ. ಕೂಸು ಬರೋ ಗಾಡಿ ಅಂತ ಗೊತ್ತಿದ್ದೂ."

ಲಕ್ಷ್ಮಯ್ಯ ಹೊತ್ತಿನ ಕಡೆ ನೋಡಿದ, ಕೈಯಲ್ಲಿದ್ದ ಕೀ ನೋಡಿದ. ಅದನ್ನು ಮತ್ತೆ ಮುಕ್ತಿಯಾರ್‌ನ ಕೈಗೇ ಇಟ್ಟ.

"ಕತ್ಲಾದ್ರೂ ಆಗ್ಲಿ, ಇನ್ನೊಂದ್ ಸುತ್ತು ಹೋಗ್ಬರನ ಬನ್ನಿ. ತಂಗೀನೂ ಬರ್ಲಿ. ಹಿಂದ್ಗಡೆ ನಾನೂ ಕೂತ್ಕತೀನಿ."