ಚಂದ್ರವ್ವನ ತಗಡೂ ಸಾಂಬ್ರಾದ ಗಾಳಿಯೂ

ಖಾನಾಪುರದ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ಚಂದ್ರವ್ವನ ಖಾನಾವಳಿ ಇತ್ತು. ಬೋರ್ಡಿನ ಮೇಲೆ ಗಂಡ ದುಂಡಪ್ಪನ ಹೆಸರು ಬರೆಸಿದ್ದರೂ ಅದನ್ನು ಓದಿದವರು ಕಡಿಮೆ. ಕನ್ನಡದವರು ಚಂದ್ರವ್ವನ ಖಾನಾವಳಿ ಎಂದರು, ಮರಾಠಿಯವರು ಚಂದ್ರಾಬಾಯಿಯ ಖಾನಾವಳ ಎಂದರು, ದುಂಡಪ್ಪ ಎರಡಕ್ಕೂ ಹೂಂ ಎಂದು ಗಲ್ಲಾದ ಹಿಂದೆ ಕುಳಿತ.

ಚಂದ್ರವ್ವ ಬೈಲಹೊಂಗಲದ ಕಡೆಯಿಂದ ಮದುವೆಯಾಗಿ ಬಂದವಳು. ಅನ್ನ ಉಣ್ಣುವ ಸೀಮೆಗೆ ಜೋಳದ ರೊಟ್ಟಿ ತಂದು, ಹಂಚಿನ ಕಾರ್ಖಾನೆಯ ಕೆಲಸಗಾರರಿಗೂ ರೈಲ್ವೆಯವರಿಗೂ ತಾಲೂಕು ಕಚೇರಿಗೆ ಅಲೆಯುವ ಹಳ್ಳಿಗರಿಗೂ ಅದರ ರುಚಿ ಹತ್ತಿಸಿದ್ದಳು. ಅವಳು ಜಗಳಗಂಟಿಯಲ್ಲ. ಆದರೆ ಹಿಡಿದದ್ದನ್ನು ಬಿಡುವ ಅಭ್ಯಾಸವೂ ಅವಳಿಗಿರಲಿಲ್ಲ. ಒಮ್ಮೆ ಸ್ಟೇಷನ್ ಮಾಸ್ತರರು ಸಾರು ನೀರಾಗಿದೆ ಎಂದರು. ಮರುದಿನದಿಂದ ಚಂದ್ರವ್ವ ಅವರ ಎಲೆಗೆ ಮೊದಲು ಸಾರು ಬಡಿಸಿ, ಅವರು ಬಾಯಿಗಿಡುವವರೆಗೂ ಎದುರಿಗೆ ನಿಂತುಕೊಳ್ಳತೊಡಗಿದಳು. ಹದಿನೈದು ದಿನಕ್ಕೆ ಮಾಸ್ತರರು ತಾವಾಗಿಯೇ, ಅವತ್ತು ತಮಗೆ ನೆಗಡಿಯಾಗಿತ್ತು ಎಂದು ಒಪ್ಪಿಕೊಂಡರು.

ಖಾನಾವಳಿಯ ಮೇಲೆ ತಗಡು ಹೊದಿಸಿದ್ದರು. ದೇಶಕ್ಕೆಲ್ಲ ಹಂಚು ಕಳಿಸುವ ಊರಿನಲ್ಲಿ ತಗಡು ಯಾಕೆಂದರೆ, ಮಂಗಗಳು. ಅವು ವರ್ಷಕ್ಕೆ ಎರಡು ಸಲ ಹಂಚಿನ ಮೇಲೆ ಕುಣಿದು, ಉಣ್ಣುವವರ ತಲೆಯ ಮೇಲೆ ಚೂರು ಉದುರಿಸುತ್ತಿದ್ದವು.

ಬೆಳಗಾವಿಯಿಂದ ವಾರಕ್ಕೆರಡು ಸಲ ಬಂದು ಹೋಗುವ ವಿಮಾ ಏಜೆಂಟ ತ್ರ್ಯಂಬಕರಾವ್ ಇಲ್ಲೇ ಉಣ್ಣುತ್ತಿದ್ದ. ಅವನು ಒಳ್ಳೆಯ ಮಾತುಗಾರ. ಎರಡನೆಯ ರೊಟ್ಟಿಯ ಹೊತ್ತಿಗೆ ಬೆಂಕಿ, ಮೂರನೆಯದಕ್ಕೆ ಪ್ರವಾಹ, ಮಜ್ಜಿಗೆಯ ಹೊತ್ತಿಗೆ ದಂಗೆ ಗಲಾಟೆ, ಹೀಗೆ ಜಗತ್ತಿನ ಅನಾಹುತಗಳನ್ನೆಲ್ಲ ಒಂದು ಊಟದಲ್ಲಿ ಮುಗಿಸುತ್ತಿದ್ದ.

"ವಿಮಾನ ಬಿದ್ದರೂ ಕಂಪನಿ ಕೊಡ್ತದ ಅಕ್ಕಾರ," ಎಂದ ಒಂದು ದಿನ.

"ವಿಮಾನ ಬಿದ್ದಿಂದ ಇಸಕೊಳ್ಳಾಕ ಯಾರ ಇರ್ತೀವ್ರಿ? ತಗಡ ಹಾರಿದ್ರ ಕೊಡ್ತಾರೇನ, ಅದನ್ನ ಹೇಳ್ರಿ."

ಬಿರುಗಾಳಿ ಪಾಲಿಸಿಯೊಳಗೇ ಇದೆಯೆಂದು ತ್ರ್ಯಂಬಕರಾವ್ ಬೆರಳಿಟ್ಟು ತೋರಿಸಿದ. ಅಲ್ಲಿ ಇಂಗ್ಲಿಷಿನಲ್ಲಿ ಏನೋ ಇತ್ತು. ದುಂಡಪ್ಪ ಬೆರಳನ್ನು ನೋಡಿದ, ಚಂದ್ರವ್ವ ತ್ರ್ಯಂಬಕರಾವನ ಮುಖ ನೋಡಿದಳು. ಪಾಲಿಸಿ ಆಯಿತು. ಖಾನಾವಳಿ ಅವಳ ತವರಿನ ದುಡ್ಡಿನಿಂದ ಕಟ್ಟಿದ್ದು, ಅದಕ್ಕೇ ಪಾಲಿಸಿಯೂ ಅವಳ ಹೆಸರಿಗೇ ಆಯಿತು.

ಎಪ್ಪತ್ತೆಂಟರ ಏಪ್ರಿಲ್ ತಿಂಗಳಲ್ಲಿ ಒಂದು ಮಧ್ಯಾಹ್ನ ಪಶ್ಚಿಮದಿಂದ ಗಾಳಿ ಎದ್ದಿತು. ಮೊದಲು ಧೂಳು, ಆಮೇಲೆ ಆಲಿಕಲ್ಲು, ನಡುವೆ ಕಿವಿ ಗಡಚಿಕ್ಕುವ ಒಂದು ಸಪ್ಪಳ. ಎಲೆಯ ಮುಂದೆ ಕುಳಿತವರು ತಲೆಯೆತ್ತಿ ನೋಡಿದರೆ ಆಕಾಶ ಕಂಡಿತು. ರೊಟ್ಟಿ ಬಡಿಯುವ ಭೀಮಕ್ಕ ಹಿಟ್ಟಿನ ಕೈಯಲ್ಲೇ ಒಲೆಯ ಮೇಲೆ ನಾದುವ ಪರಾತ ಮುಚ್ಚಿದಳು. ಯಾರಿಗೂ ಪೆಟ್ಟಾಗಲಿಲ್ಲ. ಬಹಳಷ್ಟು ತಗಡುಗಳು ಹಂಚಿನ ಕಾರ್ಖಾನೆಯ ಅಂಗಳದಲ್ಲಿ ಸೊಟ್ಟಗಾಗಿ ಬಿದ್ದವು. ಒಂದು ಮಾತ್ರ ಸ್ಟೇಷನ್ನಿನಲ್ಲಿ ನಿಂತಿದ್ದ ಗೂಡ್ಸ್ ಗಾಡಿಯ ಡಬ್ಬಿಯೊಳಗೆ ಬಿದ್ದು, ಯಾರೂ ನೋಡದೆ, ಟಿಕೆಟ್ಟಿಲ್ಲದೆ ಲೋಂಡಾಕ್ಕೆ ಹೋಯಿತು.

ದುಂಡಪ್ಪ ಮರುದಿನವೇ ಬಡಿಗನನ್ನು ಕರೆಯಲು ಹೊರಟ. ತ್ರ್ಯಂಬಕರಾವ್ ಓಡಿ ಬಂದು ತಡೆದ. ಸರ್ವೆಯರ್ ಬಂದು ನೋಡುವವರೆಗೆ ಒಂದು ಮೊಳೆ ಕೂಡ ಅಲುಗಿಸಬಾರದು, ಅಲುಗಿಸಿದರೆ ಕಂಪನಿ ಕೊಡುವುದಿಲ್ಲ ಎಂದ. ಅಲುಗಿಸಲಿಲ್ಲ. ಏಪ್ರಿಲ್ ಹೋಯಿತು, ಸರ್ವೆಯರ್ ಬರಲಿಲ್ಲ. ಮೇ ತಿಂಗಳಿಡೀ ಗಿರಾಕಿಗಳು ಬಿಸಿಲಲ್ಲಿ ತಲೆಗೆ ವಸ್ತ್ರ ಸುತ್ತಿಕೊಂಡು ಉಂಡರು. ಜೂನಿನಲ್ಲಿ ಖಾನಾಪುರದ ಮಳೆ ಶುರುವಾಯಿತು. ಆ ಮಳೆ ಕಂಪನಿಯ ಪತ್ರಕ್ಕೆ ಕಾಯುವಂಥದ್ದಲ್ಲ. ರೈಲ್ವೆಯವರು ಎಡಗೈಯಲ್ಲಿ ಛತ್ರಿ ಹಿಡಿದು ಬಲಗೈಯಲ್ಲಿ ಉಂಡರು. ಸಾರು ನೀರಾಗಿದೆ ಎಂದು ಈಗ ಯಾರು ಹೇಳಿದರೂ ಚಂದ್ರವ್ವ ತಡೆಯುವ ಹಾಗಿರಲಿಲ್ಲ.

ಒಂದು ವಾರ ನೋಡಿ ಅವಳು ಬೆಳಗಾವಿಯ ರವಿವಾರ ಪೇಟೆಯಿಂದ ಹೊಸ ತಗಡು ತರಿಸಿ ಹೊದಿಸಿದಳು. ಹಳೆಯ ಸೊಟ್ಟ ತಗಡುಗಳನ್ನು ಬಿಸಾಡದೆ ಹಿತ್ತಲಲ್ಲಿ ರಾಶಿ ಹಾಕಿಸಿದಳು.

ಸರ್ವೆಯರ್ ಅವಧೂತ ಸಾಹೇಬರು ದೀಪಾವಳಿ ಮುಗಿದ ಮೇಲೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೃದು ಮಾತು. ಚಾವಣಿಯನ್ನು ಒಳಗಿನಿಂದಲೂ ಹೊರಗಿನಿಂದಲೂ ನೋಡಿದರು, ತಟ್ಟಿ ನೋಡಿದರು, ಗಟ್ಟಿಯಾಗಿದೆ ಎಂದು ಮೆಚ್ಚಿದರು. ಎಣ್ಣೆಗಾಯಿಯನ್ನೂ ಮೆಚ್ಚಿದರು. ಉಂಡು ಹಿತ್ತಲಿಗೆ ಹೋಗಿ ಕೈತೊಳೆದು, ಅಲ್ಲೇ ಇದ್ದ ತಗಡಿನ ರಾಶಿಯ ಮೇಲೆ ಕುಳಿತು ಎಲೆ ಅಡಿಕೆ ಮೆದ್ದರು. ಇವೇ ಹಾರಿಹೋದ ತಗಡು ಎಂದು ಚಂದ್ರವ್ವ ಹೇಳಿದಾಗ, ತಮ್ಮ ಕೆಲಸ ಚಾವಣಿಯನ್ನು ನೋಡುವುದು, ಹಿತ್ತಲನ್ನಲ್ಲ ಎಂದು ವಿನಯದಿಂದಲೇ ಹೇಳಿದರು.

ಕಂಪನಿಯ ಪತ್ರ ಸಂಕ್ರಾಂತಿಗೆ ಬಂತು. ಅದರಲ್ಲಿ ಮೂರು ಕಾರಣಗಳಿದ್ದವು. ಸರ್ವೆಯರರು ನೋಡಿದಾಗ ಚಾವಣಿ ಸುಸ್ಥಿತಿಯಲ್ಲಿತ್ತು, ಆದ್ದರಿಂದ ನಷ್ಟವಾಗಿಲ್ಲ. ಅರ್ಜಿದಾರರು ಕಂಪನಿಯ ಅನುಮತಿಯಿಲ್ಲದೆ ಚಾವಣಿ ದುರಸ್ತಿ ಮಾಡಿಸಿದ್ದಾರೆ, ಆದ್ದರಿಂದ ನಷ್ಟದ ಸಾಕ್ಷ್ಯವನ್ನು ನಾಶಪಡಿಸಿದ್ದಾರೆ. ಮತ್ತು ಆ ದಿನ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಹವಾಮಾನದ ವರದಿಯ ಪ್ರಕಾರ ಬಿರುಗಾಳಿ ಬೀಸಿಲ್ಲ.

ಹಂಚಿನ ಕಾರ್ಖಾನೆಯ ಗುಮಾಸ್ತನಿಂದ ಅದನ್ನು ಓದಿಸಿ ಕೇಳಿದ ಚಂದ್ರವ್ವ, ಮೊದಲ ಎರಡು ಕಾರಣಗಳಿಗೆ ಸಿಟ್ಟಾಗಲಿಲ್ಲ. ಮೂರನೆಯದು ಅವಳ ಎದೆಗೆ ನಾಟಿತು. ತನ್ನ ತಲೆಯ ಮೇಲಿನ ಸೂರನ್ನು ಕಿತ್ತೊಯ್ದ ಗಾಳಿಯನ್ನು ಯಾರೋ ಬೀಸಲೇ ಇಲ್ಲ ಎನ್ನುತ್ತಿದ್ದಾರೆ. ಅದು ತನಗೇ ಸುಳ್ಳಿ ಎಂದ ಹಾಗೆ ಕೇಳಿಸಿತು.

ಮರುದಿನವೇ ರೈಲು ಹತ್ತಿ ಬೆಳಗಾವಿಗೆ ಹೋದಳು. ಕಂಪನಿಯ ಕಚೇರಿ ಒಂದು ಕಟ್ಟಡದ ಮಾಳಿಗೆಯ ಮೇಲಿತ್ತು. ಇವಳ ಕಾಗದ ನೋಡುವ ಸಾಹೇಬರಿಗೆ ವರ್ಗವಾಗಿತ್ತು, ಅವರ ಜಾಗಕ್ಕೆ ಬಂದವರಿಗೆ ಇನ್ನೂ ಕುರ್ಚಿ ಬಂದಿರಲಿಲ್ಲ. ಅವರು ಇನ್ನೊಬ್ಬರ ಕುರ್ಚಿಯಲ್ಲಿ ಕುಳಿತು ಪತ್ರವನ್ನು ಎರಡು ಸಲ ಓದಿದರು.

"ಬಾಯಾರ, ಅವತ್ತ ಸಾಂಬ್ರಾದಾಗ ಗಾಳಿ ಬೀಸಿಲ್ರಿ."

"ನಮ್ಮ ಖಾನಾವಳಿ ಸಾಂಬ್ರಾದಾಗ ಇಲ್ರಿ."

"ಅದು ಖರೇ. ಆದರ ಗಾಳಿ ಅಳಿಯೋ ಮಶೀನ ಸಾಂಬ್ರಾದಾಗ ಅದ. ಮಶೀನ ಇದ್ದಲ್ಲೆ ಬೀಸಿದ್ದಷ್ಟ ನಮಗ ಗೊತ್ತಾಗ್ತದ."

ಮುಂದಿನ ಸಲ ಗಾಳಿಗೆ ತಿಳಿಸಿ ಹೇಳುತ್ತೇನೆ ಎಂದು ಚಂದ್ರವ್ವ ಎದ್ದಳು. ಕೆಳಗಿಳಿದು ನೇರವಾಗಿ ಗುರುಪಾದಪ್ಪ ವಕೀಲರ ಮನೆ ಕೇಳಿಕೊಂಡು ಹೋದಳು. ಅವರು ಅವಳ ತವರಿನ ಕಡೆಯವರು, ಹರಕು ಕೋಟಿನ ಪ್ರಾಮಾಣಿಕ ಮನುಷ್ಯ. ದಾವೆ ಗೆಲ್ಲಬಹುದು, ಆದರೆ ಬೇಗ ಅಲ್ಲ ಎಂದರು.

ದುಂಡಪ್ಪನಿಗೆ ಇದು ಹಿಡಿಸಲಿಲ್ಲ. ಕೋರ್ಟಿನ ಕಟ್ಟೆ ಹತ್ತಿದವರು ಇಳಿದದ್ದನ್ನು ಅವನು ನೋಡಿರಲಿಲ್ಲ. ಹೊಸ ತಗಡು ಬಂದಾಯಿತಲ್ಲ, ಇನ್ನೇನು ಬೇಕು ಎಂದು ಆ ರಾತ್ರಿ ಊಟಕ್ಕೆ ಕುಳಿತಾಗ ಕೇಳಿದ.

"ರೊಕ್ಕಾ ಕೊಡದಿದ್ರ ಹೋಗ್ಲಿ. ಗಾಳಿ ಬೀಸಿತ್ತು ಅಂತ ಅವ್ರ ಬಾಯಿಲೆ ಅನ್ನಬೇಕು," ಎಂದಳು ಚಂದ್ರವ್ವ.

ದುಂಡಪ್ಪ ಹೂಂ ಎಂದ. ಅದು ಒಪ್ಪಿಗೆಯಲ್ಲ, ಅಭ್ಯಾಸ.

ದಾವೆ ಬೆಳಗಾವಿಯ ಮುನ್ಸೀಫ್ ಕೋರ್ಟಿನಲ್ಲಿ ದಾಖಲಾಯಿತು. ಅಲ್ಲಿಂದ ತಾರೀಖುಗಳು ಶುರುವಾದವು. ಒಂದು ಸಲ ಕಂಪನಿಯ ವಕೀಲರಿಗೆ ಹಲ್ಲುನೋವು, ಇನ್ನೊಂದು ಸಲ ಅವರ ಮಗಳ ಲಗ್ನ. ಒಂದು ಸಲ ಕಾಗದಪತ್ರಗಳ ಕಟ್ಟು ಹುಬ್ಬಳ್ಳಿಗೆ ಹೋಗಿತ್ತು, ಅದು ಬಂದಾಗ ನ್ಯಾಯಾಧೀಶರು ವರ್ಗವಾಗಿ ಹೋಗಿದ್ದರು. ಒಮ್ಮೆ ರೈಲು ದೇಸೂರಿನಲ್ಲಿ ಕ್ರಾಸಿಂಗಿಗೆಂದು ನಿಂತು ಹೊರಡಲೇ ಇಲ್ಲ. ಚಂದ್ರವ್ವ ಇಳಿದು ಇಟ್ಟಂಗಿ ತುಂಬಿದ ಲಾರಿ ಹತ್ತಿ, ಕೆಂಪು ಧೂಳಿನಲ್ಲಿ ಮಿಂದು ಕೋರ್ಟು ಮುಟ್ಟಿದಳು. ಅವತ್ತು ಕೋರ್ಟಿಗೆ ರಜೆ.

ಇಷ್ಟು ಅಲೆದಾಟದಲ್ಲಿ ಅವಳು ಒಂದು ಸಂಗತಿ ಗಮನಿಸಿದಳು. ಕೋರ್ಟಿನ ಆವರಣದಲ್ಲಿ ಜನ ಬೆಳಗಿನಿಂದ ಸಂಜೆಯವರೆಗೆ ಹಸಿದು ಕೂರುತ್ತಿದ್ದರು. ಹೊರಗೆ ಹೋದರೆ ತಮ್ಮ ಹೆಸರು ಕೂಗಿಬಿಟ್ಟಾರೆಂದು ಅಂಜಿ ಒಣ ಚುರುಮರಿಯಲ್ಲಿ ದಿನ ದೂಡುತ್ತಿದ್ದರು. ಮೊದಮೊದಲು ಅವಳು ತನ್ನ ಬುತ್ತಿಯನ್ನೇ ಪಕ್ಕದಲ್ಲಿ ಕುಳಿತವರಿಗೆ ಹಂಚಿದಳು. ಆಮೇಲೆ ತಾರೀಖಿದ್ದ ದಿನ ಎರಡು ಬುಟ್ಟಿ ರೊಟ್ಟಿ ತರತೊಡಗಿದಳು. ಎರಡು ವರ್ಷ ಕಳೆಯುವಷ್ಟರಲ್ಲಿ ಕೋರ್ಟಿನ ಹಿಂದಿನ ಓಣಿಯಲ್ಲಿ ಒಂದು ಪಡಸಾಲೆ ಬಾಡಿಗೆಗೆ ಹಿಡಿದು, ಖಾನಾಪುರದ ಒಲೆಯನ್ನು ಭೀಮಕ್ಕನಿಗೆ ಒಪ್ಪಿಸಿ, ಇಲ್ಲಿ ಇನ್ನೊಂದು ಖಾನಾವಳಿ ತೆರೆದಳು. ವಕೀಲರು ಬಂದರು, ಸಮನ್ಸು ಹಂಚುವ ಬೇಲಿಫರು ಬಂದರು. ಕಂಪನಿಯ ಗುಮಾಸ್ತರೂ ಬಂದರು. ಅವರಿಗೂ ಎಲ್ಲರಂತೆಯೇ ಬಡಿಸಿದಳು. ಊಟದ ಸಾಲಿನಲ್ಲಿ ದಾವೆಯ ಮಾತು ಎತ್ತುವುದು ಅವಳ ರೀತಿಯಲ್ಲ.

ಎಂಬತ್ತೆರಡರಲ್ಲಿ ಕೊನೆಗೂ ಸಾಕ್ಷಿಗಳ ವಿಚಾರಣೆ ಶುರುವಾಯಿತು. ಮೊದಲು ಕಟಕಟೆ ಹತ್ತಿದವಳು ಖಾನಾವಳಿಯ ಎದುರು ಕಾಯಿಪಲ್ಲೆ ಮಾರುವ ಗಂಗೂಬಾಯಿ. ಅವತ್ತು ದೊಡ್ಡ ವಾರಾ ಸುಟಿತ್ತು ಎಂದು ಮರಾಠಿ ಕನ್ನಡ ಬೆರೆಸಿ ಹೇಳಿದಳು. ಕಂಪನಿಯ ವಕೀಲರು ಕೂಡಲೇ ಎದ್ದರು. ವಾರಾ ಎಂದರೆ ಮರಾಠಿಯಲ್ಲಿ ಬರೀ ಗಾಳಿ, ಬಿರುಗಾಳಿಗೆ ವಾದಳ ಎನ್ನುತ್ತಾರೆ, ಸಾಕ್ಷಿಯೇ ಬಿರುಗಾಳಿ ಅಲ್ಲವೆಂದು ಒಪ್ಪಿದ್ದಾಳೆ ಎಂದು ವಾದಿಸಿದರು. ಇದರ ಮೇಲೆ ಒಂದು ಇಡೀ ಮಧ್ಯಾಹ್ನ ಚರ್ಚೆ ನಡೆಯಿತು. ನಿಘಂಟು ತರಲು ಒಬ್ಬನನ್ನು ಕಳಿಸಿದರು. ತನ್ನ ಮಾತಿನ ಅರ್ಥವನ್ನು ಇಷ್ಟು ಜನ ಕೋಟು ಹಾಕಿಕೊಂಡು ಹುಡುಕುವುದನ್ನು ನೋಡಿ ಗಂಗೂಬಾಯಿ ಗಾಬರಿಯಾಗಿ, ತನ್ನನ್ನು ಜೇಲಿಗೆ ಹಾಕುತ್ತಾರೇನೋ ಎಂದು ಚಂದ್ರವ್ವನನ್ನು ಕೇಳಿದಳು.

ಮುಂದಿನ ತಾರೀಖಿಗೆ ಅವಧೂತ ಸಾಹೇಬರು ಬಂದರು. ನೋಡಲು ಏಳು ತಿಂಗಳು ಯಾಕೆ ಹಿಡಿಯಿತು ಎಂದು ಗುರುಪಾದಪ್ಪ ವಕೀಲರು ಕೇಳಿದರು. ಮಳೆಗಾಲದಲ್ಲಿ ಚಾವಣಿ ನೋಡುವುದು ಅಡಚಣಿಯ ಕೆಲಸ ಎಂದು ಅವರು ಉತ್ತರಿಸಿದರು. ಹಾರಿಹೋದ ತಗಡು ತಮ್ಮ ಕಣ್ಣಿಗೆ ಬಿದ್ದಿಲ್ಲ ಎಂದೂ ಹೇಳಿದರು.

"ಊಟಾ ಆದಿಂದ ಎಲ್ಲೆ ಕುಂತಿದ್ರಿ?"

"ಹಿತ್ತಲದಾಗ."

"ಯಾತರ ಮ್ಯಾಲೆ?"

ಸಾಹೇಬರು ಸೋಮಾರಿಯಾದರೂ ದೇವರ ಆಣೆ ಮಾಡಿ ಸುಳ್ಳು ಹೇಳುವವರಲ್ಲ. "ತಗಡಿನ ಮ್ಯಾಲೆ," ಎಂದರು.

"ನೆಟ್ಟಗಿದ್ವೇನು?"

"ಇಲ್ಲ, ಡೊಂಕ ಆಗಿದ್ವು. ಕುಂದರಲಿಕ್ಕೆ ತ್ರಾಸ ಆತು."

ಅಷ್ಟರಲ್ಲಿ ಕಂಪನಿಯವರು ವಕೀಲರನ್ನು ಬದಲಿಸಿದ್ದರು. ಹೊಸಬರು ಹುಬ್ಬಳ್ಳಿಯಿಂದ ಬಂದವರು, ಹುರುಪಿನವರು. ಕಂಪನಿ ಕೋರ್ಟಿಗೆ ಮೊದಲು ಸಲ್ಲಿಸಿದ್ದ ಉತ್ತರವನ್ನು ಓದುವಷ್ಟು ಪುರುಸೊತ್ತು ಅವರಿಗೆ ಸಿಕ್ಕಿರಲಿಲ್ಲ. ಆ ದಿನ ಖಾನಾಪುರದಲ್ಲಿ ಬೀಸಿದ ಗಾಳಿ ಅದೆಷ್ಟು ಭಯಂಕರವಾಗಿತ್ತೆಂದರೆ ಅದು ಪಾಲಿಸಿಯಲ್ಲಿ ಹೇಳಿದ ಸಾಮಾನ್ಯ ಬಿರುಗಾಳಿಯೇ ಅಲ್ಲ, ಚಂಡಮಾರುತ, ಅದಕ್ಕೆ ಬೇರೆಯೇ ಕಂತು ಕಟ್ಟಬೇಕಾಗಿತ್ತು ಎಂದು ಅವರು ಹೊಸದೊಂದು ಹೇಳಿಕೆ ಸಲ್ಲಿಸಿದರು. ಹಾರಿದ ತಗಡು, ಮುರಿದ ಮರಗಳು, ಎಲ್ಲವನ್ನೂ ಚಂದ್ರವ್ವನಿಗಿಂತ ಚೆನ್ನಾಗಿ ವರ್ಣಿಸಿದ್ದರು.

ನ್ಯಾಯಾಧೀಶರು ಎರಡೂ ಹೇಳಿಕೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿದರು. ಅವರು ಈ ದಾವೆಯ ಮೂರನೆಯ ನ್ಯಾಯಾಧೀಶರು, ನಿವೃತ್ತಿಗೆ ಹತ್ತಿರವಾದವರು. ಕನ್ನಡಕ ತೆಗೆದು ಒರೆಸಿದರು.

"ಒಂದು ದಿನ ಗಾಳಿ ಬೀಸೇ ಇಲ್ಲ ಅಂತೀರಿ. ಇನ್ನೊಂದು ದಿನ ನಿಮ್ಮ ಪಾಲಿಸಿಯೊಳಗ ಹಿಡಿಸಲಾರದಷ್ಟು ಬೀಸೇದ ಅಂತೀರಿ. ಕಂಪನಿ ಯಾವ ಗಾಳಿ ಕಡೆ ಅದರೀ?"

ಹುಬ್ಬಳ್ಳಿಯ ವಕೀಲರು ತಮಗೆ ಇನ್ನೊಂದು ತಾರೀಖು ಬೇಕೆಂದರು. ಸಿಗಲಿಲ್ಲ.

ಎಂಬತ್ಮೂರರ ಬೇಸಿಗೆಯಲ್ಲಿ ತೀರ್ಪು ಬಂತು. ಬಿರುಗಾಳಿ ಬೀಸಿತ್ತು, ಅದು ಖಾನಾಪುರದಲ್ಲೇ ಬೀಸಿತ್ತು, ಕಂಪನಿ ನಷ್ಟವನ್ನೂ ಬಡ್ಡಿಯನ್ನೂ ದಾವೆಯ ಖರ್ಚನ್ನೂ ಕೊಡಬೇಕು ಎಂದಿತ್ತು. ಗುರುಪಾದಪ್ಪ ವಕೀಲರು ಅದನ್ನು ಕನ್ನಡದಲ್ಲಿ ತಿಳಿಸಿ ಹೇಳಿದಾಗ ಚಂದ್ರವ್ವ ನಗಲಿಲ್ಲ. ಗಾಳಿ ಬೀಸಿತ್ತು ಎನ್ನುವ ಮಾತನ್ನು ಇನ್ನೊಮ್ಮೆ ಓದಿ ಎಂದಳು. ಅವರು ಓದಿದರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಅವತ್ತು ಆವರಣದಲ್ಲಿ ಕುಳಿತವರಿಗೆಲ್ಲ ಹೋಳಿಗೆ ಬಡಿಸಿದಳು. ಆ ಪಂಕ್ತಿಯಲ್ಲಿ ಸೋತವರೂ ಇದ್ದರು, ಇನ್ನೂ ತಾರೀಖು ಕಾಯುವವರೂ ಇದ್ದರು.

ಕಂಪನಿ ಮೇಲ್ಮನವಿ ಹಾಕುತ್ತೇನೆಂದು ಕೆಲವು ತಿಂಗಳು ಹೆದರಿಸಿ, ಆ ಬೆದರಿಕೆಯ ಕಾಗದವನ್ನೂ ಎಲ್ಲೋ ಕಳೆದುಕೊಂಡಿತು. ಕೊನೆಗೆ ಒಬ್ಬ ಗುಮಾಸ್ತ ಚೆಕ್ಕು ಹಿಡಿದುಕೊಂಡು ಬೆಳಗಾವಿಯ ಖಾನಾವಳಿಗೇ ಬಂದ. ಚೆಕ್ಕಿನಲ್ಲಿ ಹೆಸರು ಚಂದ್ರಪ್ಪ ಎಂದಿತ್ತು. ತಿದ್ದಿಸಿಕೊಂಡು ಬರಲು ಮತ್ತೆ ಎರಡು ತಿಂಗಳು ಹಿಡಿಯಿತು. ಈ ಸಲ ಅವನು ಜೊತೆಗೆ ಇನ್ನೊಂದು ಕಾಗದ ತಂದಿದ್ದ. ಕಂಪನಿಯ ಸೇವೆ ತನಗೆ ಸಂಪೂರ್ಣ ತೃಪ್ತಿ ತಂದಿದೆ ಎಂದು ಅದರ ಮೇಲೆ ಚಂದ್ರವ್ವ ಸಹಿ ಮಾಡಬೇಕಾಗಿತ್ತು.

ಅವಳು ಅದನ್ನು ಗಲ್ಲಾದ ಮೇಲಿಟ್ಟು, ಮೊದಲು ಉಣ್ಣು ಎಂದಳು. ಅವನು ಉಂಡ. ಕೈತೊಳೆದು ಬಂದು ಸಹಿ ಕೇಳಿದ.

"ತೃಪ್ತಿ ಆಗೇತೋ ಇಲ್ಲೋ ಇನ್ನಾ ಇಚಾರ ಮಾಡಬೇಕು. ಮುಂದಿನ ಸೋಮವಾರ ಬಾ," ಎಂದಳು.

ಸೋಮವಾರ ಬಂದರೆ ಖಾನಾಪುರಕ್ಕೆ ಹೋಗಿದ್ದಳು. ಇನ್ನೊಂದು ಸೋಮವಾರ ಅವಳಿಗೆ ಮೊಣಕಾಲು ನೋವು. ಮತ್ತೊಂದು ಸಲ ಆ ಕಾಗದ ಓದುವ ಗುರುಪಾದಪ್ಪ ವಕೀಲರು ಊರಲ್ಲಿರಲಿಲ್ಲ. ಪಾಪ, ಆ ಗುಮಾಸ್ತ ಬಂದಾಗಲೆಲ್ಲ ಉಂಡು ಹೋಗುತ್ತಿದ್ದ, ಅವನಿಗೇನೂ ನಷ್ಟವಾಗಲಿಲ್ಲ. ಯಾಕೆ ಹುಡುಗನನ್ನು ಕಾಡಿಸುತ್ತೀ ಎಂದು ದುಂಡಪ್ಪ ಒಮ್ಮೆ ಕೇಳಿದ್ದಕ್ಕೆ, ತಾನು ಯಾರನ್ನೂ ಕಾಡಿಸುತ್ತಿಲ್ಲ, ಬರೀ ತಾರೀಖು ಕೊಡುತ್ತಿದ್ದೇನೆ ಎಂದಳು. ಆ ಕಾಗದಕ್ಕೆ ಅವಳು ಕೊನೆಯವರೆಗೂ ಸಹಿ ಮಾಡಲಿಲ್ಲ ಎಂದು ಕೆಲವರು, ಯುಗಾದಿಗೆ ಮಾಡಿಕೊಟ್ಟಳು ಎಂದು ಕೆಲವರು ಹೇಳುತ್ತಾರೆ. ಎರಡು ಖಾನಾವಳಿಗಳೂ ಮುಂದೆ ಬಹಳ ವರ್ಷ ಚೆನ್ನಾಗಿ ನಡೆದವು. ದುಂಡಪ್ಪ ಬೆಳಗಾವಿಯದರ ಗಲ್ಲಾಕ್ಕೆ ಬಂದು ಕುಳಿತ ಮೇಲೆ, ಕೋರ್ಟಿಗೆ ಹೊಸದಾಗಿ ಬಂದು ಅಂಜಿ ನಿಂತವರನ್ನು ತಾನೇ ಕರೆದು ಕೂರಿಸಿ, ಯಾವ ವಕೀಲರು ಹೇಗೆ ಎಂದು ಸಣ್ಣ ದನಿಯಲ್ಲಿ ತಿಳಿಸಿ ಹೇಳುವಷ್ಟು ಮಾತುಗಾರನಾದ.