ಗುರುಬಸವಪ್ಪನ ಗಾದಿಯ ಚಹಾ

ಉಮಾನಾಥನಿಗೆ ಅರ್ಥಶಾಸ್ತ್ರ ಓದಿ ಬಂದದ್ದು, ಹೊಟ್ಟೆಕಿಚ್ಚು ಹುಟ್ಟುಗುಣ. ಬೀದರ ಕಡೆಯ ಭಾಲ್ಕಿಯವನು, ಔರಂಗಾಬಾದಿನ ಕಾಲೇಜೊಂದರಲ್ಲಿ ಪ್ರಾಧ್ಯಾಪಕ. ಆದಿವಾಸಿಗಳ ವ್ಯಾಪಾರದ ಮೇಲೆ ಪುಸ್ತಕ ಬರೆಯುತ್ತೇನೆಂದು ಊರೆಲ್ಲ ಸಾರಿಕೊಂಡು, 2008ರ ಸುಮಾರಿಗೆ ಮನ್ಮಾಡ್ ದಾಟಿ ಇಗತಪುರಿ ಹತ್ತಿರದ ಸಂತೆಗೆ ಬರುತ್ತಿದ್ದ. ಕಾಡಿನಿಂದ ಅಳಲೆಕಾಯಿ ಹೊತ್ತು ತರುವ ಹೆಂಗಸರು ಯಾರ ಮಾತಿಗೆ ಕಟ್ಟುಬಿದ್ದು ದರಕ್ಕೆ ಒಪ್ಪುತ್ತಾರೆ ಎಂಬುದಷ್ಟೇ ಅವನಿಗೆ ಬೇಕಿತ್ತು. ಅದಿಲ್ಲದೆ ಪುಸ್ತಕವಿಲ್ಲ. ಅವರೋ ಅವನೆದುರು ತುಟಿ ಬಿಚ್ಚುತ್ತಿರಲಿಲ್ಲ.

ಮನೋರಮಾ ಬಂದಳೋ, ಅದೇ ಹೆಂಗಸರಿಗೆ ಮಾತೇ ಮಾತು. ನಾಶಿಕದಿಂದ ಬರುತ್ತಿದ್ದ ಅವಳು ಅವನ ಹಳೆಯ ವಿದ್ಯಾರ್ಥಿನಿ, ಅದೇ ವಿಷಯದ ಸಂಶೋಧಕಿ. ನೆಲದಲ್ಲಿ ಕೂತು, ಅವರ ಬುತ್ತಿಗೆ ಕೈಹಾಕಿ ನಗುತ್ತಿದ್ದಳು. ಆ ನಗು ಕೇಳಿದಾಗೆಲ್ಲ ಉಮಾನಾಥನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ತಾನು ಕಲಿಸಿದ ವಿದ್ಯೆ ತನಗೇ ತಿರುಗುಬಾಣವಾಯಿತಲ್ಲ!

ಈ ಉರಿ ಆರಿಸಿಕೊಳ್ಳಲು ಸಂತೆಯ ಅಂಚಿಗೇ ಗುರುಬಸವಪ್ಪನ ಅಂಗಡಿ ಇತ್ತು. ಪರ ಊರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಸಾಕು, ನಮ್ಮವರಿಗೆ ತವರೇ ಸಿಕ್ಕಂತೆ. ಅಳಲೆಕಾಯಿ ಕೊಳ್ಳುವ ಆ ಭಾಲ್ಕಿ ಸೇಠ್ “ಬರ್ರಿ ಸರ್” ಎಂದು ಗಾದಿಯ ಮೇಲೆ ಕೂರಿಸಿ ಚಹಾ ತರಿಸುತ್ತಿದ್ದ.

“ಆ ಮನೋರಮಾ ನಮ್ಮ ತಂಗಿ ಮಗಳೇ ಅದಾಳ್ರಿ,” ಎಂದ ಒಂದು ದಿನ. “ಇಷ್ಟು ವರ್ಷ ಆತು, ನಮ್ಮ ಅಂಗಡಿ ಕಟ್ಟಿ ಹತ್ತಿಲ್ಲ. ಗುರ್ತಿಲ್ಲದವರಂಗ ಹೋಗ್ತಾಳ. ಸೊಕ್ಕು, ಮತ್ತೇನ್ರಿ!”

ಚಹಾ ಮುಗಿಸಿ ಇಳಿದ ಉಮಾನಾಥ, ಹಿರಿಯ ಹೆಂಗಸೊಬ್ಬಳನ್ನು ಮರಾಠಿಯಲ್ಲಿ ಕೇಳೇಬಿಟ್ಟ: “ನನ್ನ ಹತ್ತಿರ ಯಾಕೆ ಮಾತಾಡುವುದಿಲ್ಲ?”

“ಸೇಠನ ಗಾದಿಯ ಮೇಲೆ ಕೂತು ಅವನ ಭಾಷೆ ಆಡುವವರು ನೀವು. ನಿಮಗೆ ಹೇಳಿದ್ದು ಅವನಿಗೆ ಮುಟ್ಟುವುದಿಲ್ಲವೇ?”

ಅಯ್ಯೋ, ಇಷ್ಟು ದಿನ ಅಡ್ಡ ಬಂದದ್ದು ಚಹಾವೇ! ಮನೋರಮಾ ಮಾವನನ್ನು ಯಾಕೆ ದೂರವಿಟ್ಟಳೆಂಬುದೂ ಅವನಿಗೆ ಹೊಳೆಯಿತು. ಅಲ್ಲಿಗೇ ಬಾಯಿ ಮುಚ್ಚಿದ್ದರೆ ದೊಡ್ಡ ಮನುಷ್ಯನಾಗುತ್ತಿದ್ದ. ಹೊಟ್ಟೆಕಿಚ್ಚು ಬಿಡಬೇಕಲ್ಲ!

“ಹಾಗಾದರೆ ಮನೋರಮಾ ಕೂಡ ಆ ಸೇಠನ ತಂಗಿಯ ಮಗಳೇ,” ಎಂದ.

ಮುಂದಿನ ಸಂತೆಯಲ್ಲಿ ಮನೋರಮಾ ಎಂದಿನಂತೆ ನೆಲದಲ್ಲಿ ಕೂತಳು. ಹೆಂಗಸರು ಬುಟ್ಟಿ ಎತ್ತಿಕೊಂಡು ಆಚೆ ಸರಿದರು. ಆ ಹಿರಿಯಳು ಏನೋ ಹೇಳಿ ಉಮಾನಾಥನತ್ತ ಕೈ ತೋರಿದಳು. ತನಗೆ ದಕ್ಕದ್ದು ಅವಳಿಗೂ ದಕ್ಕಲಿಲ್ಲವೆಂದು, ಗಾದಿಯ ಮೇಲಿದ್ದ ಅವನಿಗೆ ಹಾಯೆನಿಸಿತು. ಆದರೆ ಅವಳು ಎದ್ದು ಅಂಗಡಿಯತ್ತಲೇ ಬರತೊಡಗಿದಾಗ ಲೋಟ ಕೆಳಗಿಟ್ಟ. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದ.

ಮನೋರಮಾ ಬೈಯಲಿಲ್ಲ. ಕಟ್ಟೆ ಹತ್ತಿ ಅವನ ಪಕ್ಕದಲ್ಲೇ ಕೂತಳು.

“ಮಾಮಾ, ನನಗೂ ಒಂದು ಚಹಾ ಹೇಳ್ರಿ,” ಎಂದಳು.