ಜಿನ್ನಿನ ಸದ್ದು ಬಲ್ಲವನ ಹೆಸರು

ಮಾನ್ವಿಯ ಜಿಲಾನಿ ಪಾಷಾ ರಾಯಚೂರಿನ ನಮ್ಮ ಹತ್ತಿ ಮಿಲ್ಲಿನಲ್ಲಿ ಹದಿನೆಂಟು ವರ್ಷ ದಿನಗೂಲಿಯಾಗಿಯೇ ದುಡಿದ. ನಾನು, ಹಂಪಯ್ಯ, ಅಲ್ಲಿ ಗುಮಾಸ್ತ. ಹತ್ತಿಯಿಂದ ಬೀಜ ಬಿಡಿಸುವ ಜಿನ್ನುಗಳ ಸದ್ದು ನಮಗೆಲ್ಲ ಬರೀ ಗದ್ದಲ. ಅವನು ಮಾತ್ರ ಬಾಗಿಲಲ್ಲೇ ನಿಂತು, ಏಳನೆಯ ಜಿನ್ನು ಬೀಜ ಒಡೆಯುತ್ತಿದೆ ಎಂದುಬಿಡುತ್ತಿದ್ದ. ನಿಲ್ಲಿಸಿ ನೋಡಿದರೆ ಅರಳೆಯಲ್ಲಿ ಬೀಜದ ಚೂರು ಸಿಗುತ್ತಿತ್ತು. ಇದು ಗೊತ್ತಿದ್ದೂ ಮಾಲೀಕರು ಅವನನ್ನು ಕಾಯಂ ಮಾಡುವ ಮಾತಿಗೆ ಕಿವಿಗೊಡುತ್ತಿರಲಿಲ್ಲ.

೧೯೮೪ರಲ್ಲಿ ದೇವದುರ್ಗದ ಕನಕರಾಯರು ಟೇಪ್ ರೆಕಾರ್ಡರ್ ಹೊತ್ತು ಬಂದರು. ದೂರದ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದರು. ಕೆಟ್ಟ ಜಿನ್ನನ್ನು ಸದ್ದಿನಿಂದಲೇ ಕಂಪ್ಯೂಟರು ಗುರುತಿಸಬೇಕಂತೆ. ಯಾವ ಸದ್ದು ಕೆಟ್ಟದ್ದೆಂದು ಅದಕ್ಕೆ ಮೊದಲು ಯಾರಾದರೂ ಹೇಳಬೇಕಲ್ಲ? ಇಡೀ ಹಂಗಾಮು ಜಿಲಾನಿ ಹೇಳಿದ, ನಾನು ಕ್ಯಾಸೆಟ್ಟುಗಳ ಮೇಲೆ ಬರೆದೆ. ಊಟದ ಬಿಡುವೂ ಅದಕ್ಕೇ ಹೋಯಿತು.

ಹೊರಡುವಾಗ ಕನಕರಾಯರು ಅವನ ಕೈಹಿಡಿದು, "ಲೇಖನದಾಗ ನಿನ್ನ ಹೆಸರು ಬರ್ತದ ಪಾಷಾ" ಎಂದರು. ಅಚ್ಚಾದ ಹೆಸರು ತೋರಿಸಿದರೆ ಕಾಯಂ ಕೆಲಸ ಗ್ಯಾರಂಟಿ ಎಂದು ಮಾಲೀಕರೂ ಎಲ್ಲರೆದುರು ಒಪ್ಪಿದರು. ಅವನ ಹೆಂಡತಿ ಬಡೇಬೀ ಓಣಿಗೆಲ್ಲ ಹೇಳಿಕೊಂಡು ಬಂದಳು.

ಎರಡು ವರ್ಷಕ್ಕೆ ಲೇಖನ ಅಂಚೆಯಲ್ಲಿ ಬಂತು, ಇಂಗ್ಲಿಷಿನಲ್ಲಿ. ಜಿಲಾನಿ ಕೈ ಒರೆಸಿಕೊಂಡು ನನ್ನ ಮೇಜಿನೆದುರು ನಿಂತ. ಸದ್ದು ಅಳೆದ ಯಂತ್ರದ ಹೆಸರಿತ್ತು, ನಂಬರಿತ್ತು, ಅದನ್ನು ಮಾಡಿದ ಊರಿತ್ತು. ಪ್ರೋಗ್ರಾಂ ಬರೆದವನ ಹೆಸರಿತ್ತು, ಅದು ಎಷ್ಟನೆಯ ಆವೃತ್ತಿ ಎಂಬುದೂ ಇತ್ತು. ಕೊನೆಗೆ, ಒಳ್ಳೆಯ ಸದ್ದು ಕೆಟ್ಟ ಸದ್ದು ಗುರುತಿಸಿಕೊಟ್ಟದ್ದಕ್ಕೆ ಒಬ್ಬರಿಗೆ ಕೃತಜ್ಞತೆ: ಮಿಲ್ಲಿನ ಗುಮಾಸ್ತ ಹಂಪಯ್ಯ.

ನನಗೆ ಮೈ ಉರಿಯಿತು. ಎಲ್ಲವನ್ನೂ ಕಣ್ಣಾರೆ ಕಂಡ ಮನುಷ್ಯ ಹೀಗೆ ಬರೆದರಲ್ಲ! ದಿನಗೂಲಿಯವನ ಕಿವಿಯನ್ನು ದೊಡ್ಡವರು ನಂಬಲಾರರೆಂಬ ಲೆಕ್ಕಾಚಾರವಿರಬೇಕು. ಯಂತ್ರಕ್ಕೆ ಊರು ಕೇರಿ ಸಮೇತ ಮರ್ಯಾದೆ, ಅದಕ್ಕೆ ಕಲಿಸಿದವನಿಗೆ ಒಂದು ಸಾಲಿಲ್ಲ.

"ನನ್ನ ಹೆಸರು ಎಲ್ಲಿ ಅದರೀ?" ಎಂದು ಜಿಲಾನಿ ಕೇಳಿದ.

ಇಲ್ಲವೆಂದೆ. ನನ್ನ ಹೆಸರಿರುವುದನ್ನು ಹೇಳಲಿಲ್ಲ. ನಾಚಿಕೆಯಾಯಿತು, ಆದರೂ ಹೇಳಲಿಲ್ಲ.

ಲೇಖನ ನೋಡಿದ ಮಾಲೀಕರು ಅವನಿಗೆ ಹೇಳಿದರು. ಮರುತಿಂಗಳು, ಅಚ್ಚಿನಲ್ಲಿದ್ದ ಹೆಸರಿಗೇ ಜಿನ್ನುಗಳ ಮೇಲ್ವಿಚಾರಣೆ ಕೊಟ್ಟರು. ನಾನು ಬೇಡವೆನ್ನಲಿಲ್ಲ. ಮನೆಯಲ್ಲಿ ಮಕ್ಕಳಿದ್ದರು ಎಂದು ಇವತ್ತಿಗೂ ನೆಪ ಹೇಳಿಕೊಳ್ಳುತ್ತೇನೆ.

ಮೊದಲ ದಿನವೇ ಯಾವುದೋ ಜಿನ್ನು ಬೀಜ ಒಡೆಯತೊಡಗಿತು. ಅರಳೆ ಹಾಳಾಗುತ್ತಿತ್ತು. ಯಾವುದೆಂದು ನನಗೆ ತಿಳಿಯಲಿಲ್ಲ. ಜಿಲಾನಿಯ ಹತ್ತಿರ ಹೋಗಿ ಕೇಳಿದೆ.

ಅವನು ತಲೆ ಎತ್ತಲಿಲ್ಲ. "ನೀವೇ ಗುರುತು ಹಿಡಿತೀರಿ ಅಂತ ಅಚ್ಚಿನಾಗ ಅದಲ್ರೀ" ಎಂದ.